ಉದ್ಯಮದ ಆವರಣದಲ್ಲಿ ಅಲಂಕಾರಿಕ ಸಸ್ಯಗಳು: ಆಯ್ಕೆ ಮತ್ತು ಆರೈಕೆ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಹಾಗೂ ಕೈತೋಟಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಇದೇ ಬಗೆಯ ಆದೇಶ ಮತ್ತೊಮ್ಮೆ ಹೊರಬಿತ್ತು. ಇಂತಹ ಬೇಸಿಗೆಗಳಲ್ಲಿ ಕಾರ್ಖಾನೆ, ಗೋದಾಮು ಹಾಗೂ ಮಳಿಗೆಗಳ ಮುಂದಿನ ತೋಟವು ತನ್ನ ನಿಜಸ್ಥಿತಿಯನ್ನು ತೋರಿಸಿಬಿಡುತ್ತದೆ. ಮೊದಲು ಹುಲ್ಲುಹಾಸು ಕಂದು ಬಣ್ಣಕ್ಕೆ ತಿರುಗುತ್ತದೆ. ಅನಂತರ ಕುಂಡಗಳಲ್ಲಿನ ಅರೇಕಾ ಪಾಮ್‌ಗಳ ಗರಿಗಳು ತುದಿಯಿಂದ ಒಣಗಲಾರಂಭಿಸುತ್ತವೆ. ಕಾಂಪೌಂಡ್ ಗೋಡೆಯ ಮೇಲೆ ಯಾರ ಗಮನಕ್ಕೂ ಬಾರದೆ ಹಬ್ಬಿದ್ದ ಕಾಗದದ ಹೂವಿನ ಬಳ್ಳಿ ಮಾತ್ರ ಎಲೆ ಕಾಣದಂತೆ ಹೂ ಬಿಟ್ಟು ನಿಂತಿರುತ್ತದೆ.

ಉದ್ಯಮದ ಆವರಣದ ತೋಟಕ್ಕೂ ಮನೆಯ ಕೈತೋಟಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮನೆಯಲ್ಲಿ ಗಿಡವನ್ನು ದಿನವೂ ನೋಡುವ ಕಣ್ಣು ಇರುತ್ತದೆ. ಕಾರ್ಖಾನೆಗೆ ವಾರದ ರಜೆ ಇದೆ, ಆಯುಧಪೂಜೆಯ ಮರುದಿನದಿಂದ ಬೀಗ ಇದೆ, ದೀಪಾವಳಿಗೆ ಕಾರ್ಮಿಕರು ಊರಿಗೆ ಹೋದರೆ ನಾಲ್ಕೈದು ದಿನ ಯಂತ್ರಗಳೂ ನಿಲ್ಲುತ್ತವೆ, ನೀರಿನ ಪಂಪೂ ನಿಲ್ಲುತ್ತದೆ. ಹೀಗಾಗಿ ಯಾವ ಗಿಡ ಚೆಂದ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಬಾಗಿಲು ಮುಚ್ಚಿದ ಐದು ದಿನಗಳನ್ನು ಯಾವ ಗಿಡ ತಾಳಿಕೊಳ್ಳುತ್ತದೆ ಎಂಬುದು. ಈ ಪ್ರಶ್ನೆಯನ್ನು ಕೇಳದೆ ಪ್ರತಿ ವರ್ಷ ಹೊಸ ಗಿಡಗಳನ್ನು ಕೊಂಡು, ಪ್ರತಿ ಬೇಸಿಗೆಯಲ್ಲಿ ಒಣಗಿದ ಕುಂಡಗಳನ್ನು ಹಿತ್ತಿಲಿಗೆ ಸಾಗಿಸುವ ಸಂಸ್ಥೆಗಳು ಕಡಿಮೆಯೇನಲ್ಲ. ಆ ವೆಚ್ಚವು ಲೆಕ್ಕಪತ್ರದಲ್ಲಿ ಇತರೆ ಖರ್ಚು ಎಂಬ ಬಾಬಿನಲ್ಲಿ ಸೇರಿಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನೀರಿನ ಲೆಕ್ಕ

ಕುಂಡದ ಗಿಡಗಳು ನೀರಿಲ್ಲದೆ ಸಾಯುತ್ತವೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ನೆರಳಿನಲ್ಲಿರಿಸಿದ ಕುಂಡಗಳ ಪೈಕಿ ಹೆಚ್ಚಿನವು ಸಾಯುವುದು ಅತಿಯಾದ ನೀರಿನಿಂದ. ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಮೇಲೆ ಕಳಿಸಲಾರದು, ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡ ಕಾವಲುಗಾರನು ಪಾಪ, ಇನ್ನೊಂದು ಬಕೆಟ್ ನೀರು ಸುರಿಯುತ್ತಾನೆ.

ಇದಕ್ಕೆ ಪರೀಕ್ಷೆ ಸುಲಭ. ತೋರುಬೆರಳನ್ನು ಎರಡು ಗೆಣ್ಣು ಮುಳುಗುವಷ್ಟು ಮಣ್ಣಿಗೆ ಇಳಿಸಿ ನೋಡಬೇಕು. ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ. ಒಣಗಿದ್ದರೆ ಕುಂಡದ ತಳದ ರಂಧ್ರದಿಂದ ನೀರು ಹೊರಬರುವವರೆಗೆ ಒಮ್ಮೆಗೇ ಹಾಕಿ, ಮತ್ತೆ ಮಣ್ಣು ಒಣಗುವವರೆಗೆ ಬಿಡಬೇಕು. ದಿನವೂ ಒಂದು ಚೊಂಬು ನೀರನ್ನು ಮೇಲೆ ಚಿಮುಕಿಸುವ ಪದ್ಧತಿ ಎರಡೂ ಕಡೆ ನಷ್ಟ: ಮೇಲ್ಮಣ್ಣು ಪಾಚಿಗಟ್ಟುತ್ತದೆ, ಕೆಳಗಿನ ಬೇರಿಗೆ ನೀರು ಮುಟ್ಟುವುದೇ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ಜೋತುಬಿದ್ದರೆ ಗಾಬರಿ ಅನಾವಶ್ಯಕ. ಬೆಳಗ್ಗೆ ಏಳಕ್ಕೂ ಜೋತುಬಿದ್ದಿದ್ದರೆ ಆಗ ಮಣ್ಣನ್ನು ಪರೀಕ್ಷಿಸಬೇಕು.

ಹುಲ್ಲುಹಾಸಿನ ವಿಷಯದಲ್ಲಿ ಲೆಕ್ಕ ಬೇರೆ. ಕಡುಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ಪ್ರತಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕಾಗುತ್ತದೆ. ಸಾವಿರ ಚದರ ಅಡಿಯ ಹುಲ್ಲುಹಾಸಿಗೆ ಇದು ದಿನಕ್ಕೆ ಸುಮಾರು 460 ಲೀಟರ್, ಅಂದರೆ 12,000 ಲೀಟರ್‌ನ ಟ್ಯಾಂಕರ್ ಒಂದು ತಿಂಗಳಿಗೂ ಸಾಲದು. ಸಂಸ್ಕರಿಸಿದ ತ್ಯಾಜ್ಯ ನೀರಿನ ವ್ಯವಸ್ಥೆ ಇಲ್ಲದ ಸಣ್ಣ ಘಟಕವೊಂದು ದೊಡ್ಡ ಹುಲ್ಲುಹಾಸನ್ನು ಬೆಳೆಸುವುದು ಜಾಣತನವೆನಿಸದು. ಅದೇ ಜಾಗದಲ್ಲಿ ನಿತ್ಯಪುಷ್ಪ, ಲಿಲ್ಲಿ ಗೆಡ್ಡೆಗಳು, ಗಿಡ್ಡ ಕೇಪಳದಂತಹ ಸಸ್ಯಗಳನ್ನು ಪಾತಿಗಳಲ್ಲಿ ಬೆಳೆಸಿ, ಬುಡದ ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಸಿದರೆ ನೀರಿನ ಅಗತ್ಯ ಬಹಳಷ್ಟು ಇಳಿಯುತ್ತದೆ.

ನೀರಿನ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿ, ಎಲೆಯ ತುದಿ ಸುಟ್ಟಂತೆ ಕಂದಾಗುತ್ತಿದ್ದರೆ ಅದು ಕೊಳವೆಬಾವಿಯ ಗಡಸು ನೀರಿನ ಲವಣ. ತಿಂಗಳಿಗೊಮ್ಮೆ ಕುಂಡದ ಮೂಲಕ ಧಾರಾಳವಾಗಿ ನೀರು ಹಾಯಿಸಿ ಲವಣವನ್ನು ತೊಳೆಯಬೇಕು. ಮಳೆಗಾಲದಲ್ಲಿ ಮಳೆಯೇ ಈ ಕೆಲಸ ಮಾಡುತ್ತದೆ. ನೀರು ಉಳಿಸುವ ಸದುದ್ದೇಶದಿಂದ ಆರ್‌ಒ ಯಂತ್ರದ ತ್ಯಾಜ್ಯ ನೀರನ್ನು ನೇರವಾಗಿ ಗಿಡಗಳಿಗೆ ಬಿಡುವ ರೂಢಿ ಹಲವೆಡೆ ಇದೆ. ಆ ನೀರಿನಲ್ಲಿ ಮೂಲ ನೀರಿನ ಲವಣವೆಲ್ಲ ಸಾಂದ್ರವಾಗಿರುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಮೇಲು. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ. ಅದರಲ್ಲಿ ಲವಣವೇ ಇಲ್ಲದ್ದರಿಂದ ಗಿಡಗಳಿಗೆ ಹಾಕಬಹುದು. ಲೇತ್ ಯಂತ್ರದ ಕೂಲೆಂಟ್, ಎಣ್ಣೆ ಬೆರೆತ ತೊಳೆನೀರು ಇವುಗಳನ್ನು ಗಿಡದ ಬುಡಕ್ಕೆ ಚೆಲ್ಲುವುದರಿಂದ ಗಿಡದ ಜೊತೆಗೆ ಆ ಜಾಗದ ಮಣ್ಣೂ ವರ್ಷಗಟ್ಟಲೆ ಕೆಡುತ್ತದೆ. ಮಾಲಿನ್ಯ ನಿಯಂತ್ರಣದ ನಿಯಮಗಳಿಗೂ ಅದು ವಿರುದ್ಧ.

ಇನ್ನೊಂದು ಮಾತು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲು. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ವಾಣಿಜ್ಯ ಸಂಸ್ಥೆಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ತಟ್ಟೆಗಳನ್ನು ವಾರಕ್ಕೊಮ್ಮೆ ಬಗ್ಗಿಸಿ ಉಜ್ಜಿ ಒಣಗಿಸಬೇಕು, ಅಥವಾ ತಟ್ಟೆಯಲ್ಲಿ ಮರಳು ತುಂಬಿಡಬೇಕು.

ನರ್ಸರಿಯಿಂದ ಗಿಡ ತರುವಾಗ

ಬೆಂಗಳೂರಿನಲ್ಲಿ ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿಗಳು ಹಳೆಯ ಹೆಸರು. ಆದರೆ ಇಂದು ರಾಜ್ಯದ ನಗರಗಳಲ್ಲಿ ಮಾರಾಟವಾಗುವ ಅಲಂಕಾರಿಕ ಗಿಡಗಳಲ್ಲಿ ಅನೇಕವು ಹೊರರಾಜ್ಯಗಳಿಂದ ಲಾರಿಗಳಲ್ಲಿ ಬಂದವು. ಆಂಧ್ರಪ್ರದೇಶದ ರಾಜಮಹೇಂದ್ರವರಂ ಸಮೀಪದ ಕಡಿಯಂ ಈ ವಹಿವಾಟಿನ ದೊಡ್ಡ ಕೇಂದ್ರ. ಗೋದಾವರಿಯ ಮೆಕ್ಕಲು ಮಣ್ಣು, ವರ್ಷವಿಡೀ ನೀರು, ತಲೆಮಾರುಗಳ ಕೌಶಲ ಇವುಗಳಿಂದ ಅಲ್ಲಿ ಗಿಡಗಳು ಹುಲುಸಾಗಿ ಬೆಳೆಯುತ್ತವೆ. ದೂರದ ಸಾಗಣೆಯಲ್ಲಿ ಬೇರು ಅಲುಗದಂತೆ ಅಂಟುಮಣ್ಣಿನ ಗಡ್ಡೆ ಕಟ್ಟಿ ಕಳಿಸುವುದು ಇಂತಹ ವ್ಯಾಪಾರದಲ್ಲಿ ರೂಢಿ; ಮಾರಾಟಗಾರನ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ.

ತೊಂದರೆ ಆರಂಭವಾಗುವುದು ಕೊಂಡವರ ಅಂಗಳದಲ್ಲಿ. ಆ ಗಡ್ಡೆಯನ್ನು ಹಾಗೆಯೇ ಸಡಿಲವಾದ ಕೆಮ್ಮಣ್ಣಿನ ಗುಂಡಿಗೆ ಇಳಿಸಿದರೆ, ಕೆಲವೇ ದಿನಗಳಲ್ಲಿ ಅಂಟುಮಣ್ಣು ಒಣಗಿ ಇಟ್ಟಿಗೆಯಂತಾಗುತ್ತದೆ. ಹಾಕಿದ ನೀರು ಅದರ ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದುಹೋಗುತ್ತದೆ. ಒಳಗಿನ ಬೇರು ಒಣಗಿಯೇ ಇರುತ್ತದೆ. ಗಿಡ ತಂದ ಮೂರನೆಯ ತಿಂಗಳಿಗೆ ಕಾರಣವಿಲ್ಲದೆ ಸತ್ತಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಗಿಡ ತಂದ ದಿನ ಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಬಕೆಟ್ ನೀರಿನಲ್ಲಿ ಅದ್ದಿ, ಹೊರಗಿನ ಮೆತ್ತಗಾದ ಮಣ್ಣನ್ನು ಮೂರನೆಯ ಒಂದು ಭಾಗದಷ್ಟು ಬೆರಳಿನಿಂದ ಬಿಡಿಸಿ ತೆಗೆಯಬೇಕು. ಸುರುಳಿ ಸುತ್ತಿದ ಬೇರುಗಳಿದ್ದರೆ ತುದಿಯನ್ನು ಕತ್ತರಿಸಬೇಕು. ಸಂಜೆಯ ಹೊತ್ತು ನೆಟ್ಟು, ಒಂದು ವಾರ ನೆರಳಿನಲ್ಲಿಡುವುದು ಕ್ಷೇಮ. ಕಾಗದದ ಹೂವಿನ ಗಿಡ ಮಾತ್ರ ಇದಕ್ಕೆ ಅಪವಾದ: ಅದರ ಬೇರು ಬಲು ಪೆಡಸು, ಗಡ್ಡೆ ಒಡೆದರೆ ಗಿಡ ಸೊರಗುತ್ತದೆ. ಅದನ್ನು ನೆನೆಸಿ, ಗಡ್ಡೆಯನ್ನು ಮುಟ್ಟದೆ ನೆಡಬೇಕು.

ಹಸಿರು ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು ತಂದ ದಿನವೇ ಪಶ್ಚಿಮದ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ಎರಡು ವಾರಗಳಲ್ಲಿ ಹಂತಹಂತವಾಗಿ ಬಿಸಿಲಿಗೆ ಒಗ್ಗಿಸಬೇಕು. ಕೊಳ್ಳುವಾಗ ಮೈತುಂಬ ಹೂವಿರುವ ಗಿಡಕ್ಕಿಂತ ಮೊಗ್ಗು ಮತ್ತು ಹೊಸ ಚಿಗುರಿರುವ ಗಿಡವನ್ನು ಆರಿಸುವುದು ಲಾಭದಾಯಕ. ಕಚ್ಚಾ ಸರಕು ಬಂದಾಗ ತಪಾಸಣೆ ಮಾಡದೆ ದಾಸ್ತಾನಿಗೆ ಸೇರಿಸುವ ಉದ್ಯಮಿ ಇಲ್ಲ. ಗಿಡಕ್ಕೂ ಅದೇ ಕ್ರಮ ಅನ್ವಯಿಸಬೇಕು: ಎಲೆಯ ಅಡಿಭಾಗ, ಕಾಂಡದ ಕಂಕುಳುಗಳಲ್ಲಿ ಹತ್ತಿಯಂತಹ ಬಿಳಿ ಹಿಟ್ಟು ತಿಗಣೆ ಇದೆಯೇ ಎಂದು ನೋಡಿ, ಹಳೆಯ ಗಿಡಗಳಿಂದ ಎರಡು ವಾರ ಪ್ರತ್ಯೇಕವಾಗಿಡಬೇಕು.

ಕುಂಡದ ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ಮರಳು, ಜೊತೆಗೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸಾಕು. ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಹತ್ತಿಗೆ ಒಳ್ಳೆಯದಾದರೂ ಕುಂಡಕ್ಕೆ ಒಗ್ಗದು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿದು ಬೇರನ್ನೇ ಹರಿಯುತ್ತದೆ. ಅಲ್ಲಿ ನೆಲದಲ್ಲಿ ನೆಡುವಾಗಲೂ ಗುಂಡಿಗಿಂತ ಎತ್ತರದ ಪಾತಿ ಮೇಲು, ಏಕೆಂದರೆ ಎರೆನೆಲದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ. ಕುಂಡದ ತಳದಲ್ಲಿ ಇಟ್ಟಿಗೆಚೂರು, ಜಲ್ಲಿ ತುಂಬಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ಸರಿಯಲ್ಲ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ತೊಯ್ದ ಮೇಲೆಯೇ ಇಳಿಯುತ್ತದೆ. ಹೀಗಾಗಿ ಜಲ್ಲಿಯ ಪದರವು ಜೌಗನ್ನು ಬೇರಿನ ಹತ್ತಿರಕ್ಕೆ ತರುತ್ತದೆ. ರಂಧ್ರದ ಮೇಲೆ ಮಡಕೆಯ ಒಂದು ಚೂರು ಇಟ್ಟರೆ ಸಾಕು.

ಕಾಗದದ ಹೂ

ಕೈಗಾರಿಕಾ ಆವರಣಕ್ಕೆ ಒಂದೇ ಒಂದು ಗಿಡವನ್ನು ಸೂಚಿಸಬೇಕಾದರೆ ಕಾಗದದ ಹೂವನ್ನೇ, ಅಂದರೆ ಬೋಗನ್‌ವಿಲ್ಲೆಯನ್ನೇ ಸೂಚಿಸಬೇಕಾಗುತ್ತದೆ. ದಕ್ಷಿಣ ಅಮೆರಿಕ ಮೂಲದ ಈ ಬಳ್ಳಿಯನ್ನು 1760ರ ದಶಕದಲ್ಲಿ ಫ್ರೆಂಚ್ ನಾವಿಕ ಬೋಗನ್‌ವಿಲ್ ಅವರ ಭೂಪ್ರದಕ್ಷಿಣೆಯ ಕಾಲದಲ್ಲಿ ಬ್ರೆಜಿಲ್‌ನಲ್ಲಿ ಸಂಗ್ರಹಿಸಲಾಯಿತು, ಹೆಸರು ಅವರದೇ. ಜನರು ಹೂವೆಂದು ಮೆಚ್ಚುವ ಬಣ್ಣದ ಭಾಗ ವಾಸ್ತವದಲ್ಲಿ ಮಾರ್ಪಟ್ಟ ಎಲೆ. ನಿಜವಾದ ಹೂ ಅದರ ನಡುವೆ ಕಾಣುವ ಸಣ್ಣ ಬಿಳಿ ಕೊಳವೆ. ಎಲೆಯಾದ್ದರಿಂದಲೇ ಬಣ್ಣ ವಾರಗಟ್ಟಲೆ ಉಳಿಯುತ್ತದೆ. ಒಂದೇ ಬಳ್ಳಿಯಲ್ಲಿ ಬಿಳಿ ಮತ್ತು ಗುಲಾಬಿ ಎರಡನ್ನೂ ತಳೆಯುವ ಮೇರಿ ಪಾಮರ್ ಎಂಬ ತಳಿ ನರ್ಸರಿಗಳಲ್ಲಿ ಸುಲಭವಾಗಿ ದೊರೆಯುತ್ತದೆ.

ಈ ಗಿಡ ಹೂ ಬಿಡುತ್ತಿಲ್ಲವೆಂಬ ದೂರಿಗೆ ಕಾರಣಗಳು ಮೂರೇ: ಬಿಸಿಲು ಸಾಲದು, ನೀರು ಹೆಚ್ಚು, ಗೊಬ್ಬರ ಹೆಚ್ಚು. ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಇದನ್ನು ನೆಡುವುದೇ ವ್ಯರ್ಥ. ಸಾರಜನಕ ಗೊಬ್ಬರ ಕೊಟ್ಟಷ್ಟೂ ಹಸಿರು ಬಳ್ಳಿ ಉದ್ದವಾಗುತ್ತದೆಯೇ ಹೊರತು ಬಣ್ಣ ಬರುವುದಿಲ್ಲ. ಮಳೆ ನಿಂತ ಮೇಲೆ ನೀರನ್ನು ತಡೆದು, ಎಲೆ ತುಸು ಜೋತುಬಿದ್ದಾಗ ಮಾತ್ರ ಒಮ್ಮೆ ಕೊಟ್ಟು, ಮತ್ತೆ ತಡೆಯುವ ಕ್ರಮವನ್ನು ಅನುಸರಿಸಿದರೆ ಕೆಲವೇ ವಾರಗಳಲ್ಲಿ ಬಳ್ಳಿ ಮೊಗ್ಗೊಡೆಯುತ್ತದೆ. ರಜಾ ದಿನಗಳ ನಿರ್ಲಕ್ಷ್ಯವೇ ಇದಕ್ಕೆ ಆರೈಕೆ ಎಂದರೂ ತಪ್ಪಾಗದು. ಹೂವು ಹೊಸ ಚಿಗುರಿನಲ್ಲಿ ಬರುವುದರಿಂದ ಒಂದು ಸುತ್ತು ಹೂ ಮುಗಿದ ಕೂಡಲೇ ತುದಿಗಳನ್ನು ಸವರಬೇಕು. ಜೂನ್ ಆರಂಭದಲ್ಲಿ ಒಮ್ಮೆ ಗಟ್ಟಿಯಾಗಿ ಕತ್ತರಿಸಬೇಕು.

ಕತ್ತರಿಸಿದ ಕಡ್ಡಿಗಳನ್ನು ಕಸಕ್ಕೆ ಹಾಕಬಾರದು. ಪೆನ್ಸಿಲ್ ದಪ್ಪದ, ಹದವಾಗಿ ಬಲಿತ, ಆರೇಳು ಅಂಗುಲದ ತುಂಡುಗಳ ಎಲೆ ಕಳೆದು, ಅರ್ಧ ಭಾಗ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಮಳೆಗಾಲವಿಡೀ ನೆರಳಿನಲ್ಲಿಟ್ಟರೆ ಅನೇಕವು ಬೇರು ಬಿಡುತ್ತವೆ. ಹತ್ತು ಕುಂಡ ಬೇಕಾದ ಸಂಸ್ಥೆ ಎರಡು ಕುಂಡ ಕೊಂಡರೆ ಸಾಕು, ಉಳಿದದ್ದು ಮುಂದಿನ ವರ್ಷಕ್ಕೆ ಸಿದ್ಧವಾಗುತ್ತದೆ. ಮುಳ್ಳಿರುವುದರಿಂದ ಜನ ಓಡಾಡುವ ದಾರಿ ಹಾಗೂ ದ್ವಿಚಕ್ರ ವಾಹನ ನಿಲ್ಲಿಸುವ ಸ್ಥಳದಿಂದ ದೂರವಿಡಬೇಕು.

ಬಿಸಿಲು ತಾಳುವ ಇತರ ಗಿಡಗಳೆಂದರೆ ದೇವಕಣಗಿಲೆ, ನಂದಿಬಟ್ಟಲು, ದಾಸವಾಳ, ಕಣಗಿಲೆ. ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿ. ಹೆದ್ದಾರಿಯ ನಡುವಿನ ಪಟ್ಟಿಗೆ ಅದು ತಕ್ಕದ್ದೇ. ಕಾರ್ಮಿಕರ ಮಕ್ಕಳು ಆಡುವ ಕಡೆ, ಕ್ಯಾಂಟೀನಿನ ಪಕ್ಕ ಬೇಡ. ಕೇಪಳದ ಗಿಡವನ್ನು ಹೊಸ ಕಟ್ಟಡದ ಗೋಡೆಯ ಪಕ್ಕ ನೆಟ್ಟಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದನ್ನು ಕಾಣಬಹುದು. ರೋಗವೆಂದು ಕೀಟನಾಶಕ ಸಿಂಪಡಿಸುವವರಿದ್ದಾರೆ. ಅದು ಕಬ್ಬಿಣದ ಕೊರತೆ. ಸಿಮೆಂಟು, ಸುಣ್ಣ ಬೆರೆತ ಕಟ್ಟಡದ ಅವಶೇಷದಿಂದ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವೂ ಬೇರಿಗೆ ದೊರೆಯದಂತಾಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಹತ್ತು ದಿನಗಳ ಅನಂತರ ಇನ್ನೊಮ್ಮೆ ಕೊಡಬಹುದು. ಶಾಶ್ವತ ಪರಿಹಾರವೆಂದರೆ ನೆಡುವ ಮುನ್ನ ಒಂದೂವರೆ ಅಡಿ ಆಳದವರೆಗಿನ ಅವಶೇಷವನ್ನು ತೆಗೆಸಿ ಬೇರೆ ಮಣ್ಣು ತುಂಬಿಸುವುದು. ಗುತ್ತಿಗೆದಾರನ ಅಂತಿಮ ಬಿಲ್ಲು ಪಾವತಿಸುವ ಮೊದಲೇ ಇದನ್ನು ಮಾಡಿಸಿಕೊಳ್ಳುವುದು ಒಳಿತು.

ಮಳಿಗೆಯ ಒಳಗೆ

ಮಳಿಗೆ, ಕಚೇರಿಗಳ ಒಳಾಂಗಣದಲ್ಲಿ ನೀರಿಗಿಂತ ಬೆಳಕಿನದೇ ಸಮಸ್ಯೆ. ಮನುಷ್ಯನ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುವುದರಿಂದ, ಕಿಟಕಿಯಿಂದ ಹತ್ತು ಅಡಿ ಒಳಗೆ ಬೆಳಕು ಎಷ್ಟು ಕುಗ್ಗಿದೆ ಎಂಬುದು ತಿಳಿಯುವುದೇ ಇಲ್ಲ. ನಡುಮಧ್ಯಾಹ್ನ ಕುಂಡವಿರುವ ಸ್ಥಳದಲ್ಲಿ ದೀಪ ಆರಿಸಿ, ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡಬೇಕು. ಕೈಯ ನೆರಳು ಮಸುಕಾಗಿಯಾದರೂ ಕಂಡರೆ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ಜಡ್‌ಜಡ್ ಪ್ಲಾಂಟ್, ಅಗ್ಲೋನಿಮಾ ಬದುಕುತ್ತವೆ. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಗಿಡವೂ ಬಹುಕಾಲ ಬಾಳದು. ಅಂತಹ ಕಡೆ ಎರಡು ಜೊತೆ ಕುಂಡಗಳನ್ನಿರಿಸಿಕೊಂಡು, ಒಂದು ಜೊತೆ ಒಳಗಿರುವಾಗ ಇನ್ನೊಂದನ್ನು ಹೊರಗಿನ ಮರದ ನೆರಳಿನಲ್ಲಿ ವಿಶ್ರಾಂತಿಗೆ ಬಿಟ್ಟು, ಎರಡು ವಾರಕ್ಕೊಮ್ಮೆ ಬದಲಿಸುವ ಪದ್ಧತಿ ಯಶಸ್ವಿಯಾಗುತ್ತದೆ. ಬಾಡಿಗೆಗೆ ಗಿಡ ಒದಗಿಸುವ ನರ್ಸರಿಗಳ ವ್ಯವಹಾರ ನಿಂತಿರುವುದು ಇದೇ ಸೂತ್ರದ ಮೇಲೆ. ಮಂದ ಬೆಳಕಿನಲ್ಲಿ ಗಿಡ ಕುಡಿಯುವುದೂ ಕಡಿಮೆ. ಸ್ನೇಕ್ ಪ್ಲಾಂಟ್‌ಗೆ ಎರಡು ಮೂರು ವಾರಕ್ಕೊಮ್ಮೆ ನೀರು ಸಾಕು.

ಗಾಳಿಯನ್ನು ಶುದ್ಧೀಕರಿಸುವ ಗಿಡಗಳೆಂದು ಹೆಚ್ಚಿನ ಬೆಲೆಗೆ ಮಾರುವ ಪರಿಪಾಠ ಬೆಳೆದಿದೆ. ಈ ಪ್ರಚಾರದ ಮೂಲ ಅಮೆರಿಕದ ನಾಸಾ ಸಂಸ್ಥೆಯ 1989ರ ಅಧ್ಯಯನ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಪ್ರಕಟವಾದ ವಿಮರ್ಶಾತ್ಮಕ ಅಧ್ಯಯನವೊಂದು ಹಳೆಯ ಪ್ರಯೋಗಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಸಾಮಾನ್ಯ ಕಟ್ಟಡದಲ್ಲಿ ಗಾಳಿಯಾಟದಿಂದ ಆಗುವಷ್ಟು ಶುದ್ಧಿಗೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾದೀತೆಂದು ತೋರಿಸಿತು. ಕಿಟಕಿ ತೆರೆಯುವುದು ಅಗ್ಗ. ಗಿಡವನ್ನು ಕಣ್ಣಿನ ತಂಪಿಗಾಗಿ ಕೊಳ್ಳಲಿ, ಆ ಕಾರಣ ಸಾಲದೇ?

ರಾತ್ರಿಯಿಡೀ ನಾಮಫಲಕದ ದೀಪ ಉರಿಯುವ ಮಳಿಗೆಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಸೇವಂತಿಗೆ ಮತ್ತು ಕೆಂಪೆಲೆಯ ಪಾಯಿನ್ಸೆಟಿಯಾ ಗಿಡಗಳು ದೀರ್ಘ ಕತ್ತಲೆಯನ್ನು ಲೆಕ್ಕ ಹಾಕಿ ಹೂ ಬಿಡುವ ಜಾತಿಯವು. ಪಾಯಿನ್ಸೆಟಿಯಾಕ್ಕೆ ಬಣ್ಣ ಬರಲು ಹಲವು ವಾರಗಳ ಕಾಲ ರಾತ್ರಿ ಸುಮಾರು 14 ಗಂಟೆಗಳ ಅಖಂಡ ಕತ್ತಲೆ ಬೇಕು. ಕಾವಲು ದೀಪದ ಕೆಳಗಿಟ್ಟ ಸೇವಂತಿಗೆ ಎಲೆಯನ್ನಷ್ಟೇ ಬೆಳೆಸಿಕೊಂಡು ನಿಲ್ಲುತ್ತದೆ. ಕರ್ನಾಟಕದ ಸೇವಂತಿಗೆ ಬೆಳೆಗಾರರು ಇದೇ ಗುಣವನ್ನು ಬಳಸಿಕೊಂಡು, ಹೊಲಕ್ಕೆ ರಾತ್ರಿ ವಿದ್ಯುತ್ ದೀಪ ಹಾಕಿ ಹೂವನ್ನು ತಡೆಹಿಡಿದು, ಬೇಕಾದ ಕಾಲಕ್ಕೆ ಅರಳಿಸುತ್ತಾರೆ. ಮಳಿಗೆಯವರು ಕುಂಡವನ್ನು ಕಟ್ಟಡದ ಕತ್ತಲ ಬದಿಗೆ ಸರಿಸಿದರೆ ಸಾಕು.

ಹಿಟ್ಟಿನ ಗಿರಣಿ, ಎರಕದ ಘಟಕ, ಗ್ರಾನೈಟ್ ಪಾಲಿಶ್ ಘಟಕ ಇಂತಹ ಕಡೆ ಎಲೆಯ ಮೇಲೆ ಕೂರುವ ಧೂಳೇ ಮೊದಲ ಶತ್ರು. ಧೂಳು ಬೆಳಕನ್ನು ತಡೆಯುವುದಲ್ಲದೆ ಕೆಂಪು ನುಸಿಗೆ ಆಶ್ರಯವಾಗುತ್ತದೆ. ವಾರಕ್ಕೊಮ್ಮೆ ಎಲೆಯ ಎರಡೂ ಬದಿಗೆ ನೀರು ಚಿಮ್ಮಿಸಿ ತೊಳೆದರೆ ಅರ್ಧಕ್ಕರ್ಧ ಕೀಟಬಾಧೆ ತಪ್ಪೀತು. ದಾಸವಾಳದ ಹಿಟ್ಟು ತಿಗಣೆಗೆ, ಮುತ್ತಿದ ತುದಿಗಳನ್ನು ಕತ್ತರಿಸಿ ತೆಗೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ತುಸು ಸಾಬೂನು ದ್ರಾವಣ ಬೆರೆಸಿ ವಾರಕ್ಕೊಮ್ಮೆಯಂತೆ ಮೂರು ಸಲ, ಸಂಜೆ ವೇಳೆ ಸಿಂಪಡಿಸಬೇಕು. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ತಿಗಣೆಯೂ ಇದೆಯೆಂದೇ ತಿಳಿಯಬೇಕು. ತಿಗಣೆಯ ಸಿಹಿ ಸ್ರಾವಕ್ಕಾಗಿ ಇರುವೆಗಳು ಅದನ್ನು ದನ ಕಾಯ್ದಂತೆ ಕಾಯುತ್ತವೆ.

ಬೇಲಿ ಮತ್ತು ಮರ

ಶೀಘ್ರ ಬೆಳವಣಿಗೆಯ ಆಸೆಗೆ ಕಾಂಪೌಂಡ್ ಉದ್ದಕ್ಕೂ ಕೊನೊಕಾರ್ಪಸ್ ನೆಡುವುದು ಕೆಲವು ವರ್ಷಗಳಿಂದ ವ್ಯಾಪಕವಾಗಿದೆ. ಬಲು ಬೇಗ ಎತ್ತರದ ಹಸಿರು ಗೋಡೆಯಾಗುತ್ತದೆ, ನಿಜ. ಆದರೆ ಅದರ ಬೇರು ನೀರಿನ ಕೊಳವೆ, ಚರಂಡಿ, ಕೇಬಲ್‌ಗಳಿಗೆ ಹಾನಿ ಮಾಡುತ್ತದೆಂಬ ಹಾಗೂ ಪರಾಗವು ಅಲರ್ಜಿ ತರುತ್ತದೆಂಬ ಕಾರಣಕ್ಕೆ ಗುಜರಾತ್ ಸರ್ಕಾರವು 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಅಲಂಕಾರಕ್ಕೆಂದು ತಂದ ಗಿಡ ಕೈಮೀರುವುದು ಹೊಸದೇನಲ್ಲ. ಇಂದು ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡನ್ನು ಆವರಿಸಿರುವ ಲಂಟಾನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಹೂಗಿಡವಾಗಿಯೇ ಭಾರತಕ್ಕೆ ಬಂದದ್ದು. ಬೇಲಿಗೆ ಡ್ಯುರಾಂಟಾ, ಕೇಪಳ, ದಾಸವಾಳ, ಸ್ಫಟಿಕದ ಗಿಡ ಇವು ತಡವಾಗಿ ಬೆಳೆದರೂ ಹತೋಟಿಯಲ್ಲಿರುತ್ತವೆ. ಬೇಲಿಯನ್ನು ಸವರುವಾಗ ಬುಡಕ್ಕಿಂತ ತಲೆ ತುಸು ಕಿರಿದಾಗಿರುವಂತೆ ಕತ್ತರಿಸಬೇಕು. ತಲೆ ಅಗಲವಾದರೆ ಕೆಳಗೆ ಬೆಳಕು ಬೀಳದೆ ಬುಡ ಬೋಳಾಗುತ್ತದೆ.

ಮರಗಳ ಆಯ್ಕೆಯಲ್ಲಿ ಬೆಂಗಳೂರಿಗೆ ಒಳ್ಳೆಯ ಪರಂಪರೆಯಿದೆ. ಮೈಸೂರು ಸಂಸ್ಥಾನದ ಆಹ್ವಾನದ ಮೇಲೆ 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು, ವರ್ಷದ ಯಾವ ಕಾಲದಲ್ಲಿಯೂ ಎಲ್ಲಿಯೋ ಒಂದು ಸಾಲು ಮರ ಹೂಬಿಟ್ಟಿರುವಂತೆ ಜಾತಿಗಳನ್ನು ಆರಿಸಿ ನೆಡಿಸುವ ಕ್ರಮವನ್ನು ತಂದರು. ಕಾಲು ಎಕರೆಯ ಆವರಣದಲ್ಲಿಯೂ ಈ ಕ್ರಮ ಸಾಧ್ಯ: ಬೇಸಿಗೆಗೆ ಕಕ್ಕೆ, ಅದರ ಹಿಂದೆಯೇ ಹೊಳೆದಾಸವಾಳ, ಬಹುಕಾಲ ಹೂವಿರುವ ದೇವಕಣಗಿಲೆ. ಗುಲ್‌ಮೊಹರ್ ನೋಡಲು ಸೊಗಸು, ಆದರೆ ಅದರ ಕೊಂಬೆ ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಸುಲಭವಾಗಿ ಮುರಿಯುತ್ತದೆ. ಲಾರಿ ನಿಲ್ಲುವ ಕಡೆ ತರವಲ್ಲ. ಮರ ನೆಡುವಾಗ ಯಾರನ್ನೂ ಕೇಳಬೇಕಾಗಿಲ್ಲ, ಕಡಿಯಬೇಕಾದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾಗುತ್ತದೆ. ಮುಂದೆ ಷೆಡ್ಡು ವಿಸ್ತರಿಸುವ ಯೋಜನೆಯಿದ್ದವರು ನಕ್ಷೆಯನ್ನು ಮುಂದಿಟ್ಟುಕೊಂಡೇ ಗುಂಡಿ ತೆಗೆಸುವುದು ಲೇಸು.

ರಜೆಯ ದಿನಗಳು

ಸಣ್ಣ ಘಟಕಗಳಲ್ಲಿ ಪ್ರತ್ಯೇಕ ತೋಟದ ಮಾಲಿ ಇರುವುದಿಲ್ಲ. ಕಾವಲುಗಾರನೋ, ಕಚೇರಿಯ ಸಹಾಯಕನೋ ನೀರು ಹಾಕುತ್ತಾನೆ. ಇಬ್ಬರಿಗೂ ಹೇಳಿದರೆ ಒಂದು ದಿನ ಇಬ್ಬರೂ ಹಾಕುತ್ತಾರೆ, ಇನ್ನೊಂದು ದಿನ ಯಾರೂ ಹಾಕುವುದಿಲ್ಲ. ಒಬ್ಬನಿಗೇ ಒಪ್ಪಿಸಿ, ಬೆರಳಿನ ಪರೀಕ್ಷೆಯನ್ನು ಕಲಿಸಿ, ಕುಂಡಗಳಿಗೆ ಎರಡು ಬಣ್ಣದ ಗುರುತು ಹಾಕಿಕೊಡುವುದು ಸರಳ ಉಪಾಯ: ಕೆಂಪು ಗುರುತಿನವಕ್ಕೆ ವಾರಕ್ಕೊಮ್ಮೆ, ಹಸಿರು ಗುರುತಿನವನ್ನು ದಿನವೂ ನೋಡಿ ಹಾಕುವುದು. ಮಾಲಿಯನ್ನು ಗುತ್ತಿಗೆಯ ಮೇಲೆ ಕರೆಸುವವರು ತಿಂಗಳಿಗೆ ಎಷ್ಟು ಭೇಟಿ ಎಂಬುದರ ಜೊತೆಗೆ, ಸತ್ತ ಗಿಡವನ್ನು ಬದಲಿಸುವ ಹೊಣೆ ಯಾರದು ಎಂಬುದನ್ನೂ ಮೊದಲೇ ಬರೆದಿಡಬೇಕು.

ದೀರ್ಘ ರಜೆಗೆ ಮುನ್ನ ಕುಂಡಗಳನ್ನೆಲ್ಲ ಕಟ್ಟಡದ ಪೂರ್ವ ಅಥವಾ ಉತ್ತರದ ನೆರಳಿಗೆ ಒತ್ತೊತ್ತಾಗಿ ಸೇರಿಸಬೇಕು. ಒಂದರ ತೇವ ಇನ್ನೊಂದಕ್ಕೆ ಕಾವಲಾಗುತ್ತದೆ. ಹಿಂದಿನ ಸಂಜೆ ತಳದಿಂದ ನೀರು ಬಸಿಯುವಷ್ಟು ಹಾಕಿ, ಮೇಲೆ ತೆಂಗಿನ ನಾರು ಹೊದಿಸಬೇಕು. ಹೆಚ್ಚು ನೀರು ಬೇಡುವ ಕುಂಡಕ್ಕೆ, ನೀರು ತುಂಬಿದ ಬಕೆಟ್ಟನ್ನು ಎತ್ತರದಲ್ಲಿಟ್ಟು ಹತ್ತಿಯ ದಪ್ಪ ಬತ್ತಿಯ ಒಂದು ತುದಿಯನ್ನು ಅದರಲ್ಲಿಯೂ ಇನ್ನೊಂದು ತುದಿಯನ್ನು ಕುಂಡದ ಮಣ್ಣಿನಲ್ಲಿಯೂ ಹೂತಿಟ್ಟರೆ ನಾಲ್ಕೈದು ದಿನ ತೇವ ಉಳಿಯುತ್ತದೆ. ಬಕೆಟ್ಟಿನ ಬಾಯನ್ನು ಸೊಳ್ಳೆ ಇಳಿಯದಂತೆ ಬಟ್ಟೆಯಿಂದ ಕಟ್ಟಬೇಕು. ಆಯುಧಪೂಜೆಯ ಬಾಳೆಕಂದು, ಚೆಂಡುಹೂವಿನ ಹಾರಗಳನ್ನು ರಜೆ ಮುಗಿದ ಮೇಲೆ ಕಸದ ಗಾಡಿಗೆ ಹಾಕದೆ ಕತ್ತರಿಸಿ ಹಿತ್ತಿಲಿನ ಗುಂಡಿಯಲ್ಲಿ ಒಣ ಎಲೆಯೊಂದಿಗೆ ಪದರಪದರವಾಗಿ ತುಂಬಿ, ಆಗಾಗ ತಿರುವಿ ಹಾಕಿದರೆ ನಾಲ್ಕೈದು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಜೂನ್ ತಿಂಗಳಲ್ಲಿ ಕುಂಡಗಳ ಮಣ್ಣು ಬದಲಿಸುವ ಹೊತ್ತಿಗೆ ಅದು ಬಳಕೆಗೆ ಸಿದ್ಧವಿರುತ್ತದೆ.